ಡಾಟ್ ಇನ್ ಯಾರ ಕೈಯಲ್ಲಿದೆ?

ಕೇಳುಗರೇ, ನಮಸ್ಕಾರ.

2025ರ ದೀಪಾವಳಿ ಹೊತ್ತಿಗೆ ನಮ್ಮ ಚಿಕ್ಕಮ್ಮ ಫೋನ್ ಮಾಡಿದರು. "ಬ್ಯಾಂಕಿನವರು ವೆಬ್‌ಸೈಟ್ ವಿಳಾಸ ಬದಲಾಯ್ತು ಅಂತ ಮೆಸೇಜ್ ಹಾಕಿದಾರೆ ಕಣೋ. ಕೊನೇಲಿ ಡಾಟ್ ಬ್ಯಾಂಕ್ ಡಾಟ್ ಇನ್ ಅಂತಿದೆ. ಕಳ್ಳರ ಕೆಲಸ ಅಲ್ವಾ?" ಅಲ್ಲ, ನಿಜವಾದದ್ದೇ. ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಆ ವಿಳಾಸಕ್ಕೆ ಬರಬೇಕು ಅಂತ ರಿಸರ್ವ್ ಬ್ಯಾಂಕ್ ಹೇಳಿತ್ತು. ಹಾಗಂತ ಹೇಳಿದೆ. "ಅದನ್ನ ನಂಬೋದು ಹೇಗೆ?" ಅಂದರು. ಒಳ್ಳೆ ಪ್ರಶ್ನೆ.

ವೆಬ್ ವಿಳಾಸವನ್ನು ಬಲಗಡೆಯಿಂದ ಓದಬೇಕು. ಲಕೋಟೆ ಮೇಲೆ ನಾವು ಮೊದಲು ಹೆಸರು, ಆಮೇಲೆ ಬೀದಿ, ಊರು, ಜಿಲ್ಲೆ ಅಂತ ಬರೀತೇವೆ. ಆದರೆ ಅಂಚೆಯಲ್ಲಿ ವಿಂಗಡಿಸುವವರ ಕಣ್ಣು ಮೊದಲು ಹೋಗೋದು ಕೆಳಗಿನ ಪಿನ್‌ಕೋಡಿಗೆ. ಇಲ್ಲೂ ಹಾಗೇ. ಕೊನೆಯಲ್ಲಿ ಎರಡೇ ಅಕ್ಷರ ಇದ್ದರೆ ಅದು ದೇಶ. ಯಾವ ದೇಶಕ್ಕೆ ಯಾವ ಎರಡಕ್ಷರ ಅನ್ನೋದನ್ನು ಇಂಟರ್‌ನೆಟ್‌ನವರು ಕೂತು ತೀರ್ಮಾನ ಮಾಡಿದ್ದಲ್ಲ, ಜಗಳ ಬೇಡ ಅಂತ ಜಗತ್ತಿಗೆಲ್ಲ ಮಾನದಂಡ ಗೊತ್ತುಮಾಡುವ ಐಎಸ್‌ಒ ಸಂಸ್ಥೆಯ ಪಟ್ಟಿಯನ್ನೇ ಎತ್ತಿಕೊಂಡರು. ಬ್ರಿಟನ್ ಮಾತ್ರ ಪಟ್ಟಿಯಲ್ಲಿರುವ ಜಿಬಿ ಬಿಟ್ಟು ಯುಕೆ ಅಂತ ಇಟ್ಟುಕೊಂಡಿದೆ. ಅಂಗ್ವಿಲಾ ಅನ್ನೋ ಪುಟ್ಟ ದ್ವೀಪದ ಪಾಲಿಗೆ ಎಐ ಬಂತು, ಈಗ ಕೃತಕ ಬುದ್ಧಿಮತ್ತೆಯ ಕಂಪನಿಗಳೆಲ್ಲ ಅಲ್ಲಿಗೇ ದುಡ್ಡು ಕಟ್ಟುತ್ತಿವೆ. ಅದೃಷ್ಟ ಅಂದ್ರೆ ಅದು!

ನಮ್ಮ ಐಎನ್, ಅಂದರೆ ಡಾಟ್ ಇನ್, 1989ರಲ್ಲಿ ಬಂತು. ಆಗ ನೋಡಿಕೊಳ್ಳುತ್ತಿದ್ದದ್ದು ಮುಂಬೈನ ಎನ್‌ಸಿಎಸ್‌ಟಿ ಅನ್ನೋ ಸರ್ಕಾರಿ ಸಾಫ್ಟ್‌ವೇರ್ ಸಂಸ್ಥೆ. ನಿಯಮ ಎಷ್ಟು ಬಿಗಿ ಅಂದ್ರೆ, 1992ರಿಂದ 2004ರವರೆಗೆ ಕೊಟ್ಟ ಹೆಸರುಗಳು ಹೆಚ್ಚೂಕಡಿಮೆ 7000. ಇಡೀ ದೇಶಕ್ಕೆ! ಆಮೇಲೆ ಜವಾಬ್ದಾರಿ ನಿಕ್ಸಿ ಅನ್ನೋ, ಲಾಭಕ್ಕಾಗಿ ನಡೆಸದ ಕಂಪನಿಗೆ ಹೋಯಿತು, 2005ರ ಫೆಬ್ರವರಿಯಲ್ಲಿ ಬಾಗಿಲು ಎಲ್ಲರಿಗೂ ತೆರೆಯಿತು. 2010ರ ಮಾರ್ಚ್ ಹೊತ್ತಿಗೆ 6 ಲಕ್ಷ ದಾಟಿತ್ತು. ಕೊಳ್ಳುವವರು ಭಾರತೀಯರೇ ಆಗಿರಬೇಕು ಅಂತೇನಿಲ್ಲ. ಲಿಂಕ್ಡ್‌ಇನ್‌ನವರು ತಮ್ಮ ಚಿಕ್ಕ ಕೊಂಡಿಗಳಿಗೆ ನಮ್ಮ ಐಎನ್ನನ್ನೇ ಬಳಸುತ್ತಾರೆ, ಹೆಸರಿಗೆ ಹೊಂದುತ್ತೆ ನೋಡಿ.

ನಿಕ್ಸಿ ಮೂಲ ದಫ್ತರ ಇಟ್ಟುಕೊಳ್ಳುತ್ತೆ. ನಮಗೆ ನಿಮಗೆ ಹೆಸರು ಮಾರುವವರು ರಿಜಿಸ್ಟ್ರಾರ್‌ಗಳು. ಆದರೆ ಒಳಗೆ ಕೆಲವು ಕೋಣೆಗಳಿಗೆ ಬೇರೆ ಬೀಗ ಇದೆ. ಜಿಒವಿ ಡಾಟ್ ಇನ್ ಸರ್ಕಾರಿ ಕಚೇರಿಗಳಿಗೆ ಮಾತ್ರ, ಅದರ ಕೀಲಿ ಸರ್ಕಾರದ ಕಂಪ್ಯೂಟರ್ ಕೆಲಸ ನೋಡಿಕೊಳ್ಳುವ ಎನ್‌ಐಸಿ ಕೈಯಲ್ಲಿ. ಕಾಲೇಜು, ವಿಶ್ವವಿದ್ಯಾಲಯಗಳ ಎಸಿ ಡಾಟ್ ಇನ್, ಶಿಕ್ಷಣ ಮತ್ತು ಸಂಶೋಧನೆಯ ಜಾಲ ನಡೆಸುವ ಅರ್ನೆಟ್ ಹತ್ತಿರ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಐಐಎಸ್‌ಸಿ, ಅದರ ವಿಳಾಸ ಮೊದಲು ಐಐಎಸ್‌ಸಿ ಡಾಟ್ ಅರ್ನೆಟ್ ಡಾಟ್ ಇನ್ ಅಂತಲೇ ಇತ್ತು, ಹಳಬರಿಗೆ ನೆನಪಿರಬೇಕು. ಬ್ಯಾಂಕ್ ಡಾಟ್ ಇನ್ ಕೂಡ ಇಂಥದ್ದೇ ಕೋಣೆ. ರಿಸರ್ವ್ ಬ್ಯಾಂಕ್ ಕಟ್ಟಿದ ಹೈದರಾಬಾದಿನ ಐಡಿಆರ್‌ಬಿಟಿ ಸಂಸ್ಥೆ ಒಂದೇ ಅದನ್ನು ಕೊಡೋದು, ಬ್ಯಾಂಕಿಗೆ ಮಾತ್ರ ಕೊಡೋದು. ಕಳ್ಳನಿಗೆ ದುಡ್ಡು ಕೊಟ್ಟರೂ ಸಿಗಲ್ಲ. ಚಿಕ್ಕಮ್ಮನ ಪ್ರಶ್ನೆಗೆ ಉತ್ತರ ಇದೇ.

ಇನ್ನೊಂದು ಮಾತು. ಹೆಸರು ಕೊಂಡೆವು ಅಂತೇವೆ, ಆದರೆ ಅದು ಬಾಡಿಗೆ. ಒಂದು ವರ್ಷದಿಂದ ಹತ್ತು ವರ್ಷದವರೆಗೆ ಕಟ್ಟಬಹುದು, ಮತ್ತೆ ನವೀಕರಿಸಬೇಕು. ನಮ್ಮ ಹಳೆ ವಿದ್ಯಾರ್ಥಿಗಳ ಬಳಗಕ್ಕೆ ಇದು ಕಷ್ಟಪಟ್ಟು ಅರ್ಥವಾಯಿತು. ಸೈಟ್ ಮಾಡಿಕೊಟ್ಟ ಹುಡುಗ ತನ್ನ ಆಫೀಸಿನ ಇಮೇಲ್ ಹಾಕಿ, ತನ್ನ ಹೆಸರಲ್ಲೇ ನೋಂದಾಯಿಸಿದ್ದ. ಕೆಲಸ ಬಿಟ್ಟ, ಇಮೇಲ್ ಹೋಯಿತು, ಅವಧಿ ಮುಗಿಯಿತು ಅಂತ ಬಂದ ನೋಟಿಸುಗಳನ್ನು ಯಾರೂ ನೋಡಲಿಲ್ಲ. ಅವಧಿ ಮುಗಿದ ಮೇಲೂ ಕೆಲವು ದಿನ ಬಿಡಿಸಿಕೊಳ್ಳೋಕೆ ಅವಕಾಶ ಇರುತ್ತೆ, ಅದೂ ಕಳೆದಿತ್ತು. ಒಂದು ಬೆಳಿಗ್ಗೆ ನೋಡಿದರೆ ನಮ್ಮ ಮೇಷ್ಟ್ರುಗಳ ಫೋಟೋ ಇದ್ದ ಜಾಗದಲ್ಲಿ ರಮ್ಮಿ ಆಟದ ಜಾಹೀರಾತು! ಯಾರ ಹತ್ತಿರ ದೂರುವುದು? ದಫ್ತರದಲ್ಲಿ ಬಳಗದ ಹೆಸರೇ ಇರಲಿಲ್ಲವಲ್ಲ.

ಹೊಸದಾಗಿ ಕೊಳ್ಳುವಾಗ ನಾನು ಕನ್ನಡದಲ್ಲೇ ತಗೊಳ್ಳೋಣ ಅಂದೆ. ಹೌದು, ಡಾಟ್ ಭಾರತ ಅಂತ ಕನ್ನಡ ಲಿಪಿಯಲ್ಲೇ ಇದೆ. 2014ರಲ್ಲಿ ದೇವನಾಗರಿಯಿಂದ ಶುರುವಾಗಿ ಈಗ 22 ಭಾಷೆಗಳಿಗೂ ಬಂದಿದೆ. ನಾವು ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರ್ ಒಳಗೊಳಗೇ ಇಂಗ್ಲಿಷ್ ಅಕ್ಷರ, ಅಂಕಿಗಳ ಸರಕ್ಕೆ ತಿರುಗಿಸಿಕೊಳ್ಳುತ್ತೆ. ಸೈಟ್ ಚೆನ್ನಾಗೇ ತೆರೆಯುತ್ತೆ. ಆದರೆ ಆ ವಿಳಾಸದ ಇಮೇಲನ್ನು ಎಷ್ಟೋ ಅರ್ಜಿ ಫಾರಂಗಳು 'ಸರಿಯಾದ ಇಮೇಲ್ ಹಾಕಿ' ಅಂತ ವಾಪಸ್ ಕಳಿಸುತ್ತವೆ. ಬೇಜಾರಾಗುತ್ತೆ. ಅದಕ್ಕೇ ಎರಡೂ ಇಟ್ಟುಕೊಂಡಿದ್ದೇವೆ, ಈ ಸಲ ಬಳಗದ ಹೆಸರಲ್ಲೇ.

ಮೊನ್ನೆ ಚಿಕ್ಕಮ್ಮ ಮತ್ತೆ ಫೋನ್ ಮಾಡಿದರು. ಇನ್ನೊಂದು ಮೆಸೇಜ್ ಬಂದಿತ್ತಂತೆ. ಬ್ಯಾಂಕ್ ಡಾಟ್ ಇನ್ ಅನ್ನೋದು ಅದರಲ್ಲೂ ಇತ್ತು, ಆದರೆ ನಡುವೆ, ಅದರ ಬಲಕ್ಕೆ ಇನ್ನೇನೋ ಸೇರಿಸಿ ಡಾಟ್ ಕಾಮ್ ಅಂತ ಮುಗಿದಿತ್ತು. "ಬಲಗಡೆಯಿಂದ ಓದಿದೆ ಕಣೋ, ಅಳಿಸಿ ಹಾಕಿದೆ" ಅಂದರು.

ನಮಸ್ಕಾರ.