ಒಂದು ಇಂದ್ರಿಯ ಕುಂದಿದರೆ ಇನ್ನೊಂದನ್ನೂ ಪರೀಕ್ಷಿಸಿ

ಎಲ್ಲರಿಗೂ ನಮಸ್ಕಾರ. ಕಣ್ಣು ಮತ್ತು ಕಿವಿ ಎರಡರ ಶಕ್ತಿಯೂ ಕುಂದಿರುವವರ ಬಗ್ಗೆ ಇಂದು ಮಾತನಾಡಬೇಕೆಂದಿದ್ದೇನೆ. ಇಂಗ್ಲಿಷಿನಲ್ಲಿ ಡೆಫ್‌ಬ್ಲೈಂಡ್ ಎನ್ನುವ ಈ ಸ್ಥಿತಿಯನ್ನು ನಾನು ಶ್ರವಣ-ದೃಷ್ಟಿ ದೋಷ ಎಂದು ಕರೆಯುತ್ತೇನೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಒಬ್ಬರಿಗೆ ಕಿವಿ ಕೇಳಿಸುವುದಿಲ್ಲ ಎಂದು ಗೊತ್ತಾದ ದಿನದಿಂದಲೇ ಅವರ ಕಣ್ಣನ್ನೂ, ಕಣ್ಣು ಮಂಜಾಗಿದೆ ಎಂದು ಗೊತ್ತಾದ ದಿನದಿಂದಲೇ ಅವರ ಕಿವಿಯನ್ನೂ ತಪ್ಪದೆ ಪರೀಕ್ಷಿಸುತ್ತಾ ಹೋಗಬೇಕು. ಏಕೆಂದರೆ ಆ ದಿನದಿಂದ ನಾವು ಅವರಿಗೆ ಕೊಡುವ ಪ್ರತಿಯೊಂದು ಸಲಹೆ, ಪ್ರತಿಯೊಂದು ಸಾಧನ, ಪ್ರತಿಯೊಂದು ಪಾಠವೂ ಉಳಿದಿರುವ ಇನ್ನೊಂದು ಇಂದ್ರಿಯವನ್ನೇ ನೆಚ್ಚಿಕೊಂಡಿರುತ್ತದೆ.

ಕಿವಿ ಕೇಳದ ಮಗುವಿನ ತಂದೆತಾಯಿಗೆ ಏನು ಹೇಳುತ್ತಾರೆ ಎಂಬುದನ್ನು ಗಮನಿಸಿ. ಮಗುವಿನ ಎದುರಿಗೆ ಕುಳಿತು ಮಾತನಾಡಿ, ತುಟಿ ಕಾಣುವಂತಿರಲಿ, ಸನ್ನೆ ಭಾಷೆ ಕಲಿಸಿ, ಚಿತ್ರಗಳನ್ನು ತೋರಿಸಿ. ಕಣ್ಣು ಕಾಣದ ಮಗುವಿನ ಮನೆಯವರಿಗೆ ಹೇಳುವುದು ಬೇರೆ: ಹೆಸರು ಹಿಡಿದು ಕರೆಯಿರಿ, ಸದ್ದು ಮಾಡುವ ಆಟಿಕೆ ಕೊಡಿ, ಪಾಠವನ್ನು ಓದಿ ಹೇಳಿ. ಎರಡೂ ಒಳ್ಳೆಯ ಸಲಹೆಗಳೇ. ಆದರೆ ಕಣ್ಣು ಕಿವಿ ಎರಡೂ ಕುಂದಿದ ಮಗುವಿಗೆ ಎರಡನ್ನೂ ಒಟ್ಟಿಗೆ ಕೊಟ್ಟರೂ ಯಾವುದೊಂದೂ ನೆರವಿಗೆ ಬರುವುದಿಲ್ಲ. ಹಾಗಾಗಿ ಇದನ್ನು ಎರಡು ವೈಕಲ್ಯಗಳ ಮೊತ್ತ ಎಂದು ಎಣಿಸುವುದು ತಪ್ಪು. ಯುರೋಪಿಯನ್ ಪಾರ್ಲಿಮೆಂಟು 2004ರಲ್ಲಿ ಇದನ್ನು ಪ್ರತ್ಯೇಕ ವೈಕಲ್ಯವೆಂದು ಘೋಷಿಸಿತು. ವಿಶ್ವಸಂಸ್ಥೆಯು 2006ರಲ್ಲಿ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯ 24ನೇ ವಿಧಿ, ಶಿಕ್ಷಣದ ಪ್ರಸ್ತಾಪ ಬಂದಾಗ, ಈ ಮಕ್ಕಳನ್ನು ಬೇರೆಯಾಗಿಯೇ ಹೆಸರಿಸುತ್ತದೆ.

ಈ ಸ್ಥಿತಿ ಎಂದರೆ ಸಂಪೂರ್ಣ ಕತ್ತಲೆ ಮತ್ತು ಸಂಪೂರ್ಣ ನಿಶ್ಶಬ್ದ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಬಹುಪಾಲು ಜನರಲ್ಲಿ ಒಂದಿಷ್ಟು ದೃಷ್ಟಿಯೋ ಒಂದಿಷ್ಟು ಶ್ರವಣವೋ ಉಳಿದಿರುತ್ತದೆ, ಮತ್ತು ಹಾಗೆ ಉಳಿದಿರುವ ಕಾರಣಕ್ಕೇ ಅವರ ಕಷ್ಟ ಯಾರ ಗಮನಕ್ಕೂ ಬರುವುದಿಲ್ಲ. ಶ್ರವಣ-ದೃಷ್ಟಿ ದೋಷವಿರುವವರ ಜಾಗತಿಕ ಒಕ್ಕೂಟವು 2018ರಲ್ಲಿ ಹೊರತಂದ ವರದಿಯ ಅಂದಾಜಿನಂತೆ ವಿಶ್ವದ ಜನಸಂಖ್ಯೆಯ ಶೇಕಡಾ 0.2ರಿಂದ 2ರಷ್ಟು ಮಂದಿ, ತೀವ್ರವಾಗಿಯೋ ಸೌಮ್ಯವಾಗಿಯೋ, ಈ ಸ್ಥಿತಿಯಲ್ಲಿದ್ದಾರೆ.

ಪತ್ತೆಯಾಗುವುದು ಎಷ್ಟು ತಡವಾಗುತ್ತದೆ ಎಂಬುದಕ್ಕೆ ಅಶರ್ ಸಿಂಡ್ರೋಮ್‌ಗಿಂತ ಸ್ಪಷ್ಟವಾದ ಉದಾಹರಣೆ ಇಲ್ಲ. ಇದು ಕಿವಿ ಕಣ್ಣು ಎರಡನ್ನೂ ಕುಂದಿಸುವ ಆನುವಂಶಿಕ ಕಾಯಿಲೆ. 1914ರಲ್ಲಿ ಇದರ ಬಗ್ಗೆ ಬರೆದ ಬ್ರಿಟಿಷ್ ನೇತ್ರತಜ್ಞ ಚಾರ್ಲ್ಸ್ ಅಶರ್ ಅವರ ಹೆಸರೇ ಇದಕ್ಕೆ ಉಳಿದಿದೆ. ತಾಯಿ ಮತ್ತು ತಂದೆ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಮಗುವಿನಲ್ಲಿ ಇದು ಕಾಣಿಸಿಕೊಳ್ಳುವುದರಿಂದ, ಮನೆತನದಲ್ಲಿ ಹಿಂದೆ ಯಾರಿಗೂ ಇರದ ತೊಂದರೆ ಇದ್ದಕ್ಕಿದ್ದಂತೆ ಬಂದಂತೆ ತೋರುತ್ತದೆ. ಮೊದಲನೆಯ ಬಗೆಯಲ್ಲಿ ಮಗು ಹುಟ್ಟುವಾಗಲೇ ತೀವ್ರ ಕಿವುಡಾಗಿರುತ್ತದೆ. ಒಳಗಿವಿಯ ಸಮತೋಲನದ ವ್ಯವಸ್ಥೆಯೂ ಕೆಲಸ ಮಾಡದ ಕಾರಣ ನಡೆಯಲು ಕಲಿಯುವುದು ತಡವಾಗುತ್ತದೆ. ಎರಡನೆಯ ಬಗೆಯಲ್ಲಿ ಕಿವಿ ಸ್ವಲ್ಪ ಮಟ್ಟಿಗೆ ಕೇಳಿಸುತ್ತದೆ, ಸಮತೋಲನ ಚೆನ್ನಾಗಿರುತ್ತದೆ, ಕಣ್ಣಿನ ತೊಂದರೆ ಸಾಮಾನ್ಯವಾಗಿ ಹದಿಹರೆಯದ ಹೊತ್ತಿಗೆ ಗೋಚರಿಸುತ್ತದೆ. ಎರಡರಲ್ಲೂ ಕಣ್ಣಿಗೆ ಬರುವ ರೋಗ ರೆಟಿನೈಟಿಸ್ ಪಿಗ್ಮೆಂಟೋಸಾ. ಇದರಲ್ಲಿ ಮಂದ ಬೆಳಕಿನಲ್ಲಿ ನೋಡಲು ನೆರವಾಗುವ, ಕಣ್ಣಿನ ಹಿಂಪದರವಾದ ಅಕ್ಷಿಪಟಲದ ಕೋಶಗಳು ಮೊದಲು ಸಾಯುತ್ತವೆ. ಇರುಳುಗುರುಡು ಬರುತ್ತದೆ, ಆಮೇಲೆ ನೋಟದ ಅಂಚುಗಳು ಒಂದೊಂದಾಗಿ ಅಳಿಸಿಹೋಗುತ್ತವೆ.

ಇದು ದಿನನಿತ್ಯದಲ್ಲಿ ಹೇಗೆ ಕಾಣುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಎಂಟು ಒಂಬತ್ತು ವರ್ಷದ, ಸನ್ನೆ ಭಾಷೆಯಲ್ಲಿ ಪಟಪಟನೆ ಮಾತನಾಡುವ ಮಗು. ಹಗಲು ಹೊತ್ತು ಎಲ್ಲರೊಡನೆ ಓಡಾಡಿಕೊಂಡಿರುತ್ತದೆ. ಸಂಜೆ ಕವಿಯುತ್ತಿದ್ದಂತೆ ಆಟ ಬಿಟ್ಟು ದೀಪದ ಬಳಿ ಬಂದು ನಿಲ್ಲುತ್ತದೆ. ಮೆಟ್ಟಿಲಿಳಿಯುವಾಗ ಪಾದದಿಂದ ಅಂಚನ್ನು ತಡಕುತ್ತದೆ. ಪಕ್ಕದಿಂದ ಯಾರಾದರೂ ಸನ್ನೆ ಮಾಡಿದರೆ ಗಮನಿಸುವುದಿಲ್ಲ, ಕಾಲ ಬಳಿಯ ಕುರ್ಚಿಗೆ ಡಿಕ್ಕಿ ಹೊಡೆಯುತ್ತದೆ. ದೊಡ್ಡವರು ಅದನ್ನು ಹಟಮಾರಿ ಎನ್ನುತ್ತಾರೆ, ಗಮನ ಕೊಡುವುದಿಲ್ಲ ಎನ್ನುತ್ತಾರೆ. ಶಾಲೆಯ ಕಣ್ಣಿನ ತಪಾಸಣೆಯಲ್ಲಿ ಅದೇ ಮಗು ಗೋಡೆಯ ಮೇಲಿನ ಅಕ್ಷರಗಳನ್ನು ಕೊನೆಯ ಸಾಲಿನವರೆಗೂ ತಪ್ಪಿಲ್ಲದೆ ಗುರುತಿಸುತ್ತದೆ, ಏಕೆಂದರೆ ನೋಟದ ನಡುಭಾಗ ಇನ್ನೂ ಚೆನ್ನಾಗಿದೆ. ದೃಷ್ಟಿ ಸರಿಯಿದೆ ಎಂದು ಬರೆದುಕೊಡುತ್ತಾರೆ. ಆ ಒಂದು ಸಾಲು ಮಗುವಿನ ಎಷ್ಟೋ ವರ್ಷಗಳನ್ನು ಕಸಿದುಕೊಳ್ಳುತ್ತದೆ.

ಅಕ್ಷಿಪಟಲವು ಬೆಳಕಿಗೆ ಹೇಗೆ ಸ್ಪಂದಿಸುತ್ತದೆ ಎಂದು ಅಳೆಯುವ ಇಆರ್‌ಜಿ ಪರೀಕ್ಷೆ, ನೋಟದ ವ್ಯಾಪ್ತಿಯನ್ನು ಅಳೆಯುವ ಪರೀಕ್ಷೆ, ಜೀನ್ ಪರೀಕ್ಷೆ ಇವೆಲ್ಲ ಲಭ್ಯವಿವೆ. ಆದರೆ ಕಿವಿಯ ವಿಭಾಗದಲ್ಲಿರುವವರು ಅವನ್ನು ಕೇಳಿ ಬರೆಸಬೇಕು. ಕುಂದುವ ಅಕ್ಷಿಪಟಲವನ್ನು ಮೊದಲಿನಂತೆ ಮಾಡುವ ಚಿಕಿತ್ಸೆಯೇ ಇಲ್ಲದಿರುವಾಗ ಮೊದಲೇ ತಿಳಿದು ಮಗುವನ್ನೇಕೆ ಹೆದರಿಸಬೇಕು ಎಂದು ಕೆಲವರು ಪ್ರಾಮಾಣಿಕವಾಗಿಯೇ ಕೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಮೊದಲೇ ತಿಳಿದರೆ ಒಳಗಿವಿಯಲ್ಲಿ ಅಳವಡಿಸುವ ಶ್ರವಣ ಸಾಧನವಾದ ಕಾಕ್ಲಿಯರ್ ಇಂಪ್ಲಾಂಟ್ ಬೇಕೇ ಎಂಬ ನಿರ್ಧಾರವನ್ನು ಮನೆಯವರು ಪೂರ್ಣ ತಿಳಿವಳಿಕೆಯಿಂದ ತೆಗೆದುಕೊಳ್ಳಬಹುದು. ಕಣ್ಣಿರುವಾಗಲೇ ಬೆರಳಿಗೆ ಬ್ರೈಲ್ ಪರಿಚಯವಾಗುತ್ತದೆ. ಕಣ್ಣಿನಿಂದ ನೋಡುತ್ತಿದ್ದ ಸನ್ನೆಯನ್ನು ಎದುರಿನವರ ಕೈಮೇಲೆ ಕೈಯಿಟ್ಟು ಮುಟ್ಟಿ ತಿಳಿಯುವ ಅಭ್ಯಾಸ, ಗಾಬರಿಯ ದಿನಗಳು ಬರುವ ಮೊದಲೇ, ನಿಧಾನವಾಗಿ ಬೆಳೆಯುತ್ತದೆ.

ಬೇರೆ ಕಾರಣಗಳೂ ಇವೆ. ಗರ್ಭಿಣಿಗೆ ರುಬೆಲ್ಲಾ ತಗಲಿದರೆ ಮಗುವಿಗೆ ಹುಟ್ಟುವಾಗಲೇ ಕಣ್ಣಿನ ಪೊರೆ, ಕಿವುಡು, ಹೃದಯದ ತೊಂದರೆ ಬರಬಹುದು. ಆಸ್ಟ್ರೇಲಿಯಾದ ನೇತ್ರತಜ್ಞ ನಾರ್ಮನ್ ಗ್ರೆಗ್ 1941ರಲ್ಲೇ ರುಬೆಲ್ಲಾಕ್ಕೂ ಮಗುವಿನ ಕಣ್ಣಿನ ಪೊರೆಗೂ ಇರುವ ನಂಟನ್ನು ತೋರಿಸಿದ್ದರು, ಲಸಿಕೆಯಿಂದ ಇದನ್ನು ತಡೆಯಲೂ ಸಾಧ್ಯವಿದೆ. ಆದರೆ ಸಂಖ್ಯೆಯಲ್ಲಿ ದೊಡ್ಡ ಗುಂಪು ಮಕ್ಕಳದ್ದಲ್ಲ, ವಯಸ್ಸಾದವರದು. ಅಜ್ಜಿಗೆ ಮುಖ ಗುರುತು ಸಿಗುವುದಿಲ್ಲ, ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಕೊಡುತ್ತಾರೆ, ನಾಲ್ಕು ಜನ ಸೇರಿದ ಕಡೆ ಸುಮ್ಮನೆ ಕೂರುತ್ತಾರೆ. ವಯಸ್ಸಾಯಿತು, ಅರಳುಮರಳು ಎಂದು ಮನೆಯವರು ಸಮಾಧಾನ ಮಾಡಿಕೊಳ್ಳುತ್ತಾರೆ. ಮರೆವಿನ ಪರೀಕ್ಷೆಗೆ ಕರೆದೊಯ್ದರೆ, ನಾನು ಹೇಳುವ ಪದಗಳನ್ನು ನೆನಪಿಟ್ಟು ಹೇಳಿ, ಗಡಿಯಾರದ ಚಿತ್ರ ಬರೆಯಿರಿ ಎನ್ನುತ್ತಾರೆ. ಪದ ಕೇಳಿಸದವರು, ಕಾಗದ ಕಾಣದವರು ಆ ಪರೀಕ್ಷೆಯಲ್ಲಿ ಸೋತರೆ ಅದು ಬುದ್ಧಿಯ ಸೋಲು ಹೇಗಾಗುತ್ತದೆ?

ಇನ್ನು ತಂತ್ರಜ್ಞಾನದ ವಿಚಾರ. ಇಲ್ಲಿಯೂ ಅದೇ ತಪ್ಪು ನಡೆಯುತ್ತಿದೆ. ನೀವು ಮನುಷ್ಯರೇ ಎಂದು ಪರೀಕ್ಷಿಸುವ ಕ್ಯಾಪ್ಚಾವನ್ನೇ ನೋಡಿ: ಕಣ್ಣಿರುವವರಿಗೆ ಚಿತ್ರ, ಕಣ್ಣಿಲ್ಲದವರಿಗೆ ಧ್ವನಿ. ಎರಡೂ ಸಿಗದವರು ಬಾಗಿಲಲ್ಲೇ ನಿಲ್ಲಬೇಕು. ಬೆಂಕಿಯ ಎಚ್ಚರಿಕೆಯ ಯಂತ್ರ ಕೂಗುತ್ತದೆ, ಇಲ್ಲವೇ ದೀಪ ಮಿನುಗಿಸುತ್ತದೆ. ದಿಂಬಿನ ಕೆಳಗೆ ಅಥವಾ ಮಣಿಕಟ್ಟಿನಲ್ಲಿ ಕಂಪಿಸುವ ಸಾಧನವನ್ನು ಬೇರೆಯಾಗಿ ಹುಡುಕಿ ತರಬೇಕು.

ಇವರ ಪಾಲಿಗೆ ದೊಡ್ಡ ದಾರಿ ತೆರೆದಿರುವುದು ಬ್ರೈಲ್ ಡಿಸ್‌ಪ್ಲೇ. ಕಂಪ್ಯೂಟರ್ ಅಥವಾ ಫೋನಿನ ತೆರೆಯ ಮೇಲಿನ ಪಠ್ಯ, ಒಂದು ಸಣ್ಣ ಪಟ್ಟಿಯ ಮೇಲೆ ಮೇಲೇಳುವ ಚುಕ್ಕೆಗಳಾಗಿ ಬೆರಳಿಗೆ ಸಿಗುತ್ತದೆ. ಒಂದು ಸಾಲು ಓದಿ ಗುಂಡಿ ಒತ್ತಿದರೆ ಚುಕ್ಕೆಗಳು ಸರಕ್ಕನೆ ಇಳಿದು ಮುಂದಿನ ಸಾಲಾಗಿ ಏಳುತ್ತವೆ. ಒಂದೊಂದು ಅಕ್ಷರದ ಮನೆಯಲ್ಲಿ ಎಂಟು ಚುಕ್ಕೆಗಳಂತೆ, 40 ಮನೆಗಳ ಡಿಸ್‌ಪ್ಲೇಯಲ್ಲಿ 320 ಸೂಕ್ಷ್ಮ ಮೊಳೆಗಳಿರುತ್ತವೆ; ಸಾಮಾನ್ಯವಾಗಿ ಪ್ರತಿ ಮೊಳೆಯನ್ನೂ ವಿದ್ಯುತ್ ಹಾಯಿಸಿದಾಗ ಬಾಗುವ ಒಂದೊಂದು ಪೀಜೋಎಲೆಕ್ಟ್ರಿಕ್ ಪಟ್ಟಿ ಎತ್ತುತ್ತದೆ. ಬೆಲೆ ದುಬಾರಿಯಾಗಲು ಇದೇ ಕಾರಣ, ಹೆಚ್ಚಿನವರ ಕೈಗೆ ಅದು ಎಟುಕದಿರಲೂ ಇದೇ ಕಾರಣ. ಸಾಧನ ಕೈಗೆ ಬಂದರೂ ಅದು ಓದಿಸುವುದು ಪಠ್ಯವನ್ನು ಮಾತ್ರ. ಆದ್ದರಿಂದ ಈ ಸಂಚಿಕೆಯ ಪೂರ್ಣ ಪಠ್ಯವನ್ನು ವಿಡಿಯೋದ ಕೆಳಗೆ ಹಾಕಿದ್ದೇನೆ. ಮಾತಿನ ಕಾರ್ಯಕ್ರಮ ಮಾಡುವ ಎಲ್ಲರಲ್ಲಿಯೂ ಇದನ್ನು ಬೇಡಿಕೊಳ್ಳುತ್ತೇನೆ.

ಆದರೆ ಯಂತ್ರವೊಂದನ್ನು ಕೊಟ್ಟು ಕಡತ ಮುಚ್ಚುವುದನ್ನು ನಾನು ವಿರೋಧಿಸುತ್ತೇನೆ. ಕಣ್ಣು ಕಿವಿ ಎರಡನ್ನೂ ಕಳೆದುಕೊಂಡಿದ್ದ ಹೆಲೆನ್ ಕೆಲರ್ ಎಂದರೆ ನಮಗೆಲ್ಲ ನೆನಪಾಗುವುದು 1887ರ ಒಂದು ದಿನ, ನೀರಿನ ಪಂಪಿನ ಕೆಳಗೆ ಹಿಡಿದ ಅಂಗೈ, ಅದೇ ಹೊತ್ತಿಗೆ ಇನ್ನೊಂದು ಅಂಗೈಯಲ್ಲಿ ಶಿಕ್ಷಕಿ ಮೂಡಿಸಿದ ನೀರು ಎಂಬ ಪದ. ಆದರೆ ಆ ಶಿಕ್ಷಕಿ ಆನ್ ಸಲಿವನ್ ಅಂದಿಗೆ ಕೆಲಸ ಮುಗಿಸಿ ಹೊರಟುಹೋಗಲಿಲ್ಲ. ಕಾಲೇಜಿನ ಪಾಠಗಳನ್ನು ಅಂಗೈಯಲ್ಲಿ ಬೆರಳ ಸನ್ನೆಗಳಿಂದ ಅಕ್ಷರ ಅಕ್ಷರವಾಗಿ ಮುಟ್ಟಿಸಿದರು, 1936ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ 49 ವರ್ಷ, ಜೊತೆಗಿದ್ದರು. ನಮಗೆ ಪಂಪಿನ ಕಥೆ ಬೇಕು. ಆ 49 ವರ್ಷಗಳ ವೆಚ್ಚದ ಲೆಕ್ಕ ಬೇಡ.

ತರಬೇತಿ ಪಡೆದ ಸಂವಹನ ಸಹಾಯಕರ ಕೆಲಸ ಕೈಹಿಡಿದು ನಡೆಸುವುದಷ್ಟೇ ಅಲ್ಲ. ಕೋಣೆಯಲ್ಲಿ ಯಾರಿದ್ದಾರೆ, ಯಾರು ನಕ್ಕರು, ಈಗ ಮಾತು ಯಾರದು ಎಂಬುದನ್ನೂ ಅವರು ತಿಳಿಸುತ್ತಿರುತ್ತಾರೆ. ಏನನ್ನಾದರೂ ತೋರಿಸುವಾಗ ಆ ವ್ಯಕ್ತಿಯ ಕೈ ಹಿಡಿದು ಎಳೆಯದೆ, ತಮ್ಮ ಕೈಯನ್ನು ಅವರ ಕೈಯ ಕೆಳಗಿಟ್ಟು, ಬೇಕೆಂದಾಗ ಹಿಂದೆ ಸರಿಯುವ ಸ್ವಾತಂತ್ರ್ಯವನ್ನು ಅವರಿಗೇ ಬಿಡುತ್ತಾರೆ. ಎದ್ದು ಹೋಗುವಾಗ ಮುಟ್ಟಿ ಹೇಳಿ ಹೋಗುತ್ತಾರೆ. ಈ ಕೊನೆಯದನ್ನು ಮನೆಯವರೂ ಮರೆಯುತ್ತಾರೆ. ಆಗ ಆ ವ್ಯಕ್ತಿ ಖಾಲಿ ಕುರ್ಚಿಯೊಡನೆ ಮಾತನಾಡುತ್ತಲೇ ಇರುತ್ತಾರೆ. ಉತ್ತರಕ್ಕಾಗಿ ಚಾಚಿದ ಕೈ ಅಲ್ಲೇ ಕಾಯುತ್ತಿರುತ್ತದೆ.

ಜಪಾನಿನ ಸತೋಶಿ ಫುಕುಶಿಮಾ ಅವರು ಒಂಬತ್ತನೆಯ ವಯಸ್ಸಿನಲ್ಲಿ ದೃಷ್ಟಿಯನ್ನೂ ಹದಿನೆಂಟನೆಯ ವಯಸ್ಸಿನಲ್ಲಿ ಶ್ರವಣವನ್ನೂ ಕಳೆದುಕೊಂಡರು. ಅವರ ತಾಯಿ ಒಂದು ದಿನ ಮಗನ ಬೆರಳುಗಳನ್ನೇ ಬ್ರೈಲ್ ಟೈಪ್‌ರೈಟರಿನ ಆರು ಕೀಲಿಗಳೆಂದು ಭಾವಿಸಿ, ತಿಳಿಯುತ್ತಿದೆಯೇ ಎಂದು ಅವುಗಳ ಮೇಲೆ ತಟ್ಟಿ ಕೇಳಿದರು. ಮಗನಿಗೆ ತಿಳಿಯಿತು. ಆ ಬೆರಳು-ಬ್ರೈಲ್ ಕಲಿತ ಸಹಾಯಕರ ಜೊತೆಯಲ್ಲಿ ಅವರು 1983ರಲ್ಲಿ ವಿಶ್ವವಿದ್ಯಾಲಯ ಸೇರಿದರು, ಮುಂದೆ ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು. ದಾರಿ ತಾಯಿಯ ಬೆರಳಿನಿಂದ ಆರಂಭವಾಯಿತು ನಿಜ, ಆದರೆ ಆ ದಾರಿಯಲ್ಲಿ ಮುಂದೆ ಸಾಗಲು ಪ್ರತಿದಿನ ಬೇರೆ ಬೇರೆಯವರ ಬೆರಳುಗಳು ಬೇಕಾದವು.

ಆದ್ದರಿಂದ ವೈದ್ಯರು ಕೊಡುವ ವರದಿಯಲ್ಲಿ ನಾನು ಮೂರು ಸಾಲುಗಳನ್ನು ಕೇಳುತ್ತೇನೆ. ಕಿವಿ ಎಷ್ಟು ಕೇಳಿಸುತ್ತದೆ, ಕಣ್ಣು ಎಷ್ಟು ಕಾಣುತ್ತದೆ ಎಂಬ ಎರಡು ಸಾಲುಗಳು ಒಂದೇ ಹಾಳೆಯಲ್ಲಿ, ಮುಂದಿನ ಪರೀಕ್ಷೆಯ ದಿನಾಂಕದೊಂದಿಗೆ ಇರಲಿ. ಮೂರನೆಯ ಸಾಲಿನಲ್ಲಿ, ಈ ವ್ಯಕ್ತಿಗೆ ವಾರಕ್ಕೆ ಎಷ್ಟು ಗಂಟೆ ಇನ್ನೊಬ್ಬ ಮನುಷ್ಯರ ಕೈ ಬೇಕು ಎಂಬ ಸಂಖ್ಯೆ ಇರಲಿ. ಆ ಗಂಟೆಗಳಿಗೆ ಸಂಬಳ ಕೊಡುವವರು ಯಾರು ಎಂಬುದೂ ಅದೇ ಸಾಲಿನಲ್ಲಿರಲಿ.