ಆಳುದ್ದ ನೀರು

ಕೇಳುಗರಿಗೆ ನಮಸ್ಕಾರ. ಬ್ರಿಟಿಷರು ಚೀನಾದ ಮೇಲೆ ನಡೆಸಿದ ಅಫೀಮು ಯುದ್ಧದ ಮಾತು ಬಂದಾಗಲೆಲ್ಲ ಜನ ಕೇಳುವುದು ಒಂದೇ ಪ್ರಶ್ನೆ: ಅಷ್ಟು ದೊಡ್ಡ ಸಾಮ್ರಾಜ್ಯ ಅದು ಹೇಗೆ ಸೋತಿತು? ಅಫೀಮಿನ ಅಮಲು, ಆಸ್ಥಾನದ ಜಂಬ ಎಂದು ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ದಯವಿಟ್ಟು ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ನೀರಿನ ಆಳ ನೋಡಿ. ನಾನು ಹೇಳಬೇಕೆಂದಿರುವುದು ಇಷ್ಟೇ.

ಮಲ್ಪೆ, ಗಂಗೊಳ್ಳಿ, ಹೊನ್ನಾವರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲಲ್ಲಿ ಎಂಥ ಹಡಗಾದರೂ ತೇಲೀತು. ಅಳಿವೆ ದಾಟಿ ಹೊಳೆಯೊಳಗೆ ಬರುವಾಗಲೇ ಪರೀಕ್ಷೆ.

ಬ್ರಿಟಿಷರಿಗೆ ಬೇಕಾಗಿದ್ದುದು ಚಹಾ. ಅದು ಸಿಗುತ್ತಿದ್ದುದು ಕ್ಯಾಂಟನ್ ಎಂಬ ಒಂದೇ ಬಂದರಿನಲ್ಲಿ. 1793ರಲ್ಲಿ ಬ್ರಿಟಿಷ್ ರಾಯಭಾರಿ ಮೆಕಾರ್ಟ್ನಿ 64 ಫಿರಂಗಿಗಳ ಯುದ್ಧನೌಕೆ ಏರಿ ಬಂದ, ಇನ್ನಷ್ಟು ಬಂದರು ತೆರೆಯಿರಿ ಎಂದು ಕೇಳಿದ. ಚಕ್ರವರ್ತಿ ಊಟ ಹಾಕಿಸಿ, ಉಡುಗೊರೆ ಕೊಟ್ಟು, ಬರಿಗೈಯಲ್ಲಿ ಕಳಿಸಿದ. 1816ರಲ್ಲಿ ಬಂದ ಇನ್ನೊಬ್ಬ ರಾಯಭಾರಿ ಆಮ್ಹರ್ಸ್ಟ್‌ಗೆ ಚಕ್ರವರ್ತಿಯ ಮುಖದರ್ಶನವೂ ಆಗಲಿಲ್ಲ. 1834ರಲ್ಲಿ ಬ್ರಿಟಿಷ್ ವ್ಯಾಪಾರದ ಮೇಲ್ವಿಚಾರಕನಾಗಿ ಬಂದ ನೇಪಿಯರ್ ಎರಡು ಯುದ್ಧನೌಕೆಗಳನ್ನು ಕ್ಯಾಂಟನ್ ಹೊಳೆಯ ಬಾಯಲ್ಲಿದ್ದ ಕೋಟೆಗಳ ನಡುವೆಯೇ ನುಗ್ಗಿಸಿದ. ಹಡಗುಗಳು ಲಂಗರು ಹಾಕುವ ವಾಂಪೋವಾದವರೆಗೆ ಬಂದವು, ನಿಂತವು. ಕ್ಯಾಂಟನ್ ಅಲ್ಲಿಂದ ಕೆಲವೇ ಮೈಲಿ. ಆದರೆ ಮುಂದಿನ ನೀರು ಅವುಗಳ ಮೈಗೆ ಸಾಲದು, ಚೀನಿಯರು ಹೊಳೆಗೆ ಅಡ್ಡಗಟ್ಟಿಯೂ ಇದ್ದರು. ನೇಪಿಯರ್ ಜ್ವರ ಹಿಡಿದು, ಹೊಳೆಯ ಬಾಯ ಬಳಿ ಪೋರ್ಚುಗೀಸರ ಕೈಯಲ್ಲಿದ್ದ ಮಕಾವಿಗೆ ಮರಳಿ ಅಲ್ಲೇ ತೀರಿಕೊಂಡ. ಫಿರಂಗಿ ಇತ್ತು, ಛಲವಿತ್ತು, ನೀರು ಇರಲಿಲ್ಲ.

ಈಗ ನನಗೆ ಬಲು ಇಷ್ಟವಾದ ಹಡಗಿಗೆ ಬರುತ್ತೇನೆ. ಹೆಸರು ನೆಮೆಸಿಸ್. ಇಂಗ್ಲೆಂಡಿನ ಬರ್ಕನ್‌ಹೆಡ್‌ನಲ್ಲಿ ಜಾನ್ ಲೇರ್ಡ್ ಎಂಬಾತ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ್ದು. ಮೈಯೆಲ್ಲ ಕಬ್ಬಿಣ, ಉದ್ದ 184 ಅಡಿ, ಉಗಿಯಿಂದ ತಿರುಗುವ ಗಾಲಿಗಳು, 32 ಪೌಂಡಿನ ಗುಂಡು ಹಾರಿಸುವ ಎರಡು ಫಿರಂಗಿ. ಇದೆಲ್ಲ ಇರಲಿ. ಅದರ ತಳ ಚಪ್ಪಟೆ! ಸಾಮಾನು ತುಂಬಿದರೂ ಅದಕ್ಕೆ ಸುಮಾರು ಆರು ಅಡಿ ನೀರು ಸಾಕು. ಆಳುದ್ದ ನೀರು. ದೊಡ್ಡ ಯುದ್ಧನೌಕೆಗೆ ಅದರ ಮೂರು ಪಟ್ಟಾದರೂ ಬೇಕು.

1840ರ ಮಾರ್ಚ್‌ನಲ್ಲಿ ಅದು ಪೋರ್ಟ್ಸ್‌ಮತ್ ಬಿಟ್ಟಾಗ ಕಾಗದಪತ್ರದಲ್ಲಿ ಬರೆದದ್ದು ರಷ್ಯಾದ ಒಡೆಸ್ಸಾಕ್ಕೆ ಎಂದು. ತಿರುಗಿಸಿದ್ದು ಆಫ್ರಿಕಾದ ಕಡೆಗೆ. ಅಂಥ ಚಪ್ಪಟೆ ತಳ ಹೊಳೆಗೆ ಚೆನ್ನ, ಮಹಾಸಾಗರದ ಅಲೆಗಲ್ಲ. ಆಫ್ರಿಕಾದ ದಕ್ಷಿಣದ ಕೇಪ್ ಭೂಶಿರ ದಾಟಿದ ಮೇಲೆ ಬಿರುಗಾಳಿಗೆ ಸಿಕ್ಕಿ ಕಬ್ಬಿಣದ ಮೈ ಎರಡೂ ಪಕ್ಕದಲ್ಲಿ ಬಿರುಕುಬಿಟ್ಟಿತು. ಕ್ಯಾಪ್ಟನ್ ಹಾಲ್ ಅದನ್ನು ಹೇಗೋ ಆಫ್ರಿಕಾದ ಪೂರ್ವ ಕರಾವಳಿಯ ಡೆಲಗೋವಾ ಕೊಲ್ಲಿಗೆ ಮುಟ್ಟಿಸಿ, ಮರದ ತೊಲೆ, ಕಬ್ಬಿಣದ ಬೋಲ್ಟು ಹಾಕಿ ಬಿಗಿಸಿದ. ನವೆಂಬರ್ ಕೊನೆಗೆ ಮಕಾವು ಸೇರಿತು. 1841ರ ಜನವರಿ 7ರಂದು ಕ್ಯಾಂಟನ್ ಹೊಳೆಯ ಬಾಯಲ್ಲಿರುವ ಚುವಾನ್‌ಪಿಯಲ್ಲಿ ಅದು ಹಾರಿಸಿದ ರಾಕೆಟ್ಟು ದೊಡ್ಡದೊಂದು ಚೀನಿ ಯುದ್ಧದೋಣಿಯ ಮದ್ದಿನ ಕೋಣೆಗೆ ಬಿದ್ದು, ದೋಣಿಗೆ ದೋಣಿಯೇ ಸಿಡಿದುಹೋಯಿತು. ಚರಿತ್ರೆಯ ಪುಸ್ತಕಗಳಲ್ಲಿ ಈ ಚಿತ್ರವನ್ನೇ ಅಚ್ಚುಹಾಕುತ್ತಾರೆ. ನನಗೆ ಅದಕ್ಕಿಂತ ಮುಖ್ಯ ಮಾರ್ಚ್ ತಿಂಗಳ ಸಂಗತಿ. ಮಕಾವಿನಿಂದ ಕ್ಯಾಂಟನ್‌ಗೆ ಹಿತ್ತಲ ದಾರಿಯಂಥ ಸಣ್ಣ ಸಣ್ಣ ಹೊಳೆಗಳಿವೆ. ವಿದೇಶಿ ಯುದ್ಧನೌಕೆ ಅಲ್ಲಿ ಬಂದೀತೆಂದು ಯಾರೂ ಎಣಿಸಿರಲಿಲ್ಲ. ನೆಮೆಸಿಸ್ ಹೋಯಿತು. ಕೆಸರಿಗೆ ತಳ ತಾಗಿಸುತ್ತ, ಇಕ್ಕೆಲದ ಕೋಟೆಗಳನ್ನು ಒಂದೊಂದಾಗಿ ಕೆಡವುತ್ತ ಹೋಯಿತು. ದಡದ ಹಳ್ಳಿಯವರು ಹಾಯಿಯಿಲ್ಲದೆ, ಹುಟ್ಟಿಲ್ಲದೆ, ಹೊಗೆಯುಗುಳುತ್ತ ಬರುವ ಅದನ್ನು ಕಂಡಾಗ ಏನನ್ನಿಸಿರಬಹುದು, ಯೋಚಿಸಿ.

ಸಮಯ ಕಡಿಮೆಯಿದೆ. ಚಹಾದ ಬೆಲೆ ತೆರಲು ಬ್ರಿಟಿಷರು ಚೀನಾದಲ್ಲಿ ಮಾರುತ್ತಿದ್ದುದು ಅಫೀಮು. ಯುದ್ಧಕ್ಕೆ ನೆಪ, ಅದನ್ನು ತಡೆಯಲು ಚಕ್ರವರ್ತಿ ಕಳಿಸಿದ್ದ ಅಧಿಕಾರಿ ಲಿನ್ ಝೆಶು 1839ರಲ್ಲಿ ಕ್ಯಾಂಟನ್ ಹೊಳೆಯ ಬಾಯ ಬಳಿಯ ಹ್ಯೂಮೆನ್‌ನಲ್ಲಿ ನಾಶಮಾಡಿಸಿದ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮು. ಅದು ಬೆಳೆದದ್ದು ನಮ್ಮ ಬಿಹಾರದಲ್ಲಿ, ಮಾಳವದಲ್ಲಿ. ಅದನ್ನು ನೆನೆದರೆ ಈಗಲೂ ನನಗೆ ಸಂಕಟವಾಗುತ್ತದೆ. ಲಿನ್ ಮಾಡಿದ್ದು ಸರಿಯಾದ ಕೆಲಸ. ಬ್ರಿಟಿಷ್ ಪಾರ್ಲಿಮೆಂಟಿನಲ್ಲೂ ಸರ್ಕಾರ ಈ ಯುದ್ಧದ ವಿಷಯದಲ್ಲಿ ಉಳಿದುಕೊಂಡದ್ದು ಬರೀ 9 ಮತಗಳಿಂದ.

1842ರಲ್ಲಿ ಬ್ರಿಟಿಷರು ಯಾಂಗ್‌ಟ್ಸಿ ನದಿಗೆ ಇಳಿದರು. ಉಗಿಹಡಗುಗಳು ಮುಂದೆ, ಅವುಗಳ ಹಗ್ಗಕ್ಕೆ ಬಿಗಿದ ದೊಡ್ಡ ಹಾಯಿಹಡಗುಗಳು ಹಿಂದೆ. ಜುಲೈ 21ರಂದು ಝೆಂಜಿಯಾಂಗ್ ಬಿತ್ತು. ದಕ್ಷಿಣದ ಅಕ್ಕಿ ಬೀಜಿಂಗ್‌ಗೆ ಹೋಗುವ ಮಹಾಕಾಲುವೆ ಯಾಂಗ್‌ಟ್ಸಿಯನ್ನು ದಾಟುವುದು ಅಲ್ಲೇ. ರಾಜಧಾನಿಯ ಹತ್ತಿರವೂ ಹೋಗದೆ ರಾಜಧಾನಿಯ ಅನ್ನದ ದಾರಿಗೆ ಕೈಯಿಟ್ಟಿದ್ದರು. ಆಗಸ್ಟ್ 29ರಂದು ನಾನ್‌ಜಿಂಗ್ ಎದುರು ಕಾರ್ನ್‌ವಾಲಿಸ್ ಹಡಗಿನ ಮೇಲೆ ಒಪ್ಪಂದಕ್ಕೆ ಸಹಿ ಬಿತ್ತು. ಆ ಹಡಗು ಬೊಂಬಾಯಿಯಲ್ಲಿ ವಾಡಿಯಾ ಮನೆತನದವರು ತೇಗದ ಮರದಿಂದ ಕಟ್ಟಿದ್ದು. ಹಾಂಗ್‌ಕಾಂಗ್ ಹೋಯಿತು, 2 ಕೋಟಿ 10 ಲಕ್ಷ ಬೆಳ್ಳಿ ಡಾಲರ್ ದಂಡ ತೆರಬೇಕಾಯಿತು, ಐದು ಬಂದರು ತೆರೆದವು: ಕ್ಯಾಂಟನ್, ಅಮಾಯ್, ಫೂಚೌ, ನಿಂಗ್‌ಪೋ, ಶಾಂಘೈ. ಮನೆಯಲ್ಲಿ ಭೂಪಟವಿದ್ದರೆ ಇವತ್ತೇ ತೆರೆದು ಈ ಐದರ ಮೇಲೂ ಬೆರಳಿಡಿ. ಪ್ರತಿಯೊಂದೂ ಒಂದು ಹೊಳೆಯ ದಂಡೆಯಲ್ಲೋ, ಅದರ ಅಳಿವೆಯಲ್ಲೋ ಇದೆ. ನಮಸ್ಕಾರ.