ಟ್ರೇ ಕೈಗೆ ಬರುವ ಮುಂಚಿನ ಆರು ನಿಮಿಷ

(ಚಿತ್ರದುರ್ಗದಲ್ಲಿ ಹೊಸ ವಿಜ್ಞಾನ ಶಿಕ್ಷಕರ ಮುಂದೆ ಮಾಡಿದ ಉಪನ್ಯಾಸ)

ಮಿತ್ರರೇ, ನಮಸ್ಕಾರ.

ಪ್ರಯೋಗದ ತರಗತಿ ಅಂದರೆ ಹೊಸಬರ ದೂರು ಒಂದೇ, ಗದ್ದಲ. ಅದಕ್ಕೆ ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ಬಹುಪಾಲು ಗದ್ದಲ ಹುಟ್ಟುವುದು ಸಾಮಾನು ಹಂಚುವ ಹೊತ್ತಿಗೆ. ಪ್ರನಾಳ (ಟೆಸ್ಟ್ ಟ್ಯೂಬ್) ಕೈಗೆ ಬಂದ ಮೇಲೆ ಸೂಚನೆ ಕೊಡಲು ಹೊರಟರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಹತ್ತನೇ ತರಗತಿಯ ಸಾಬೂನು ಮತ್ತು ಗಡಸು ನೀರಿನ ಚಟುವಟಿಕೆಯನ್ನೇ ತೆಗೆದುಕೊಳ್ಳೋಣ. ನಮ್ಮ ಕಡೆಗೆ ಚೆನ್ನಾಗಿ ಒಗ್ಗುವ ಪ್ರಯೋಗ ಅದು. ನಮ್ಮ ಬೋರ್ ನೀರು ಗಡಸು, ಅದರಲ್ಲಿ ಬೇಳೆ ಬೇಯಲ್ಲ, ಸೋಪು ನೊರೆ ಬಿಡಲ್ಲ ಅನ್ನೋದು ಮಕ್ಕಳಿಗೆ ಮನೆಯಲ್ಲೇ ಗೊತ್ತು. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್, ಶಾಲೆಯ ನಲ್ಲಿಯಿಂದ ಒಂದು ಬಾಟಲಿ ಬೋರ್ ನೀರು ತಂದರೆ ಮುಗಿಯಿತು.

ಸೋಪಿನ ದ್ರಾವಣವನ್ನು ಹಿಂದಿನ ದಿನವೇ ಮಾಡಿಡಿ. 100 ಮಿಲಿ ಘಟಕದ ನೀರಿಗೆ 1 ಗ್ರಾಂ ತುರಿದ ಸೋಪು ಹಾಕಿ, ಸ್ವಲ್ಪ ಬಿಸಿ ಮಾಡಿ ಕರಗಿಸಿ. ಇದನ್ನೇ ಬೋರ್ ನೀರಲ್ಲಿ ಮಾಡಿದರೆ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳು ಸೋಪನ್ನು ಅಲ್ಲೇ ಹಿಡಿದುಬಿಡುತ್ತವೆ. ಮೊಸರು ಒಡೆದಂತೆ ಬಿಳಿ ಕರಟು ಕೂರುತ್ತದೆ, ಮರುದಿನ ಯಾವ ನೀರಲ್ಲೂ ಸರಿಯಾಗಿ ನೊರೆ ಏಳುವುದಿಲ್ಲ. ಶಾಂಪೂ, ಬಟ್ಟೆ ಪುಡಿ ಬೇಡವೇ ಬೇಡ. ಅವು ಮಾರ್ಜಕ, ಗಡಸು ನೀರಲ್ಲೂ ನೊರೆ ಬಿಡುತ್ತವೆ. ಸೋಪಿನ ಹೊದಿಕೆಯ ಮೇಲೆ ಟಿಎಫ್‌ಎಂ (ಸೋಪಿನ ಒಟ್ಟು ಕೊಬ್ಬಿನಂಶ, ಶೇಕಡಾ ಲೆಕ್ಕದಲ್ಲಿ) 76 ಅಥವಾ ಅದಕ್ಕಿಂತ ಹೆಚ್ಚು ಎಂದಿರಲಿ.

48 ಮಕ್ಕಳಿದ್ದರೆ ನಾಲ್ವರಂತೆ 12 ಗುಂಪು. ಒಬ್ಬರು ಸಾಮಾನು ತರಲಿ, ಒಬ್ಬರು ಮಾಡಲಿ, ಒಬ್ಬರು ಸಮಯ ನೋಡಲಿ, ಒಬ್ಬರು ಬರೆಯಲಿ. ಮುಂದಿನ ಪ್ರಯೋಗಕ್ಕೆ ಕೆಲಸ ಅದಲುಬದಲು. ಇಲ್ಲದಿದ್ದರೆ ವರ್ಷವಿಡೀ ಹುಡುಗರು ಮಾಡುವುದು, ಹುಡುಗಿಯರು ಬರೆಯುವುದು ಎಂದಾಗಿಬಿಡುತ್ತದೆ. ಟ್ರೇಯಲ್ಲಿ ಎರಡು ಪ್ರನಾಳ, ಅವಕ್ಕೆ ರಬ್ಬರ್ ಬಿರಡೆ, ಒಂದು ಡ್ರಾಪರ್, ಅಳತೆ ಪಟ್ಟಿ, ಒಂದು ಬಟ್ಟೆ.

40 ನಿಮಿಷದ ಪಿರಿಯಡ್‌ನಲ್ಲಿ ಮೊದಲ ಆರು ನಿಮಿಷ ಮೇಜುಗಳು ಖಾಲಿ. ಮಾಡುವ ಕ್ರಮವನ್ನು ಕಪ್ಪುಹಲಗೆಯಲ್ಲಿ ನಾಲ್ಕು ಸಾಲಿನಲ್ಲಿ ಬರೆದು, ನೀವು ಒಮ್ಮೆ ಮಾಡಿ ತೋರಿಸಿ. "ಎಲ್ಲರಿಗೂ ಅರ್ಥ ಆಯ್ತಾ?" ಎಂದರೆ "ಆಯ್ತು ಸರ್" ಎಂಬ ಕೋರಸ್ ಬರುತ್ತದೆ, ಅದನ್ನು ನಂಬಬೇಡಿ. ಹಿಂದಿನ ಬೆಂಚಿನವರೊಬ್ಬರಿಂದ ಕ್ರಮ ಹೇಳಿಸಿ. ಆಮೇಲೆ ಹಂಚಿಕೆ, ಅದೂ ಕೋಣೆಯ ಎರಡು ಮೂಲೆಗಳಲ್ಲಿ, ಒಂದು ಸಲಕ್ಕೆ ಮೂರೇ ಗುಂಪು. ಹನ್ನೆರಡು ಜನ ಒಂದೇ ಮೇಜಿಗೆ ನುಗ್ಗಿದರೆ ಮೊದಲ ಪ್ರನಾಳ ಒಡೆಯುವುದು ಅಲ್ಲೇ.

ಒಂದು ಪ್ರನಾಳಕ್ಕೆ 10 ಮಿಲಿ ಘಟಕದ ನೀರು, ಇನ್ನೊಂದಕ್ಕೆ 10 ಮಿಲಿ ಬೋರ್ ನೀರು, ಎರಡಕ್ಕೂ ಐದೈದು ಹನಿ ದ್ರಾವಣ, 15 ಸೆಕೆಂಡ್ ಕುಲುಕುವುದು, ನೊರೆಯ ಎತ್ತರ ಅಳೆಯುವುದು. "ಸರ್, ನಮಗೆ ಎರಡರಲ್ಲೂ ಒಂದೇ ಥರ ಬಂತು" ಎಂದು ಒಂದಾದರೂ ಗುಂಪು ಕೂಗುತ್ತದೆ. ಉತ್ತರ ಹೇಳಿಬಿಡಬೇಡಿ, "ಎಷ್ಟು ಹನಿ ಹಾಕಿದ್ರಿ?" ಎಂದು ಕೇಳಿ. ಗಡಸು ನೀರಿಗೆ ಹನಿ ಹೆಚ್ಚು ಹಾಕುತ್ತಾ ಹೋದರೆ ಲವಣಗಳೆಲ್ಲ ಮುಗಿದ ಮೇಲೆ ನೊರೆ ಬಂದೇ ಬರುತ್ತದೆ. ಆ ಗುಂಪಿನ ತಪ್ಪೇ ಅಂದಿನ ಒಳ್ಳೆಯ ಪಾಠವಾಗಬಹುದು.

ನಡುವೆ ನಿಲ್ಲಿಸಬೇಕಾದರೆ ಕೂಗಬೇಡಿ. "ಕೈ ಬಿಡಿ" ಎಂಬ ಒಂದೇ ಮಾತು ಗೊತ್ತುಮಾಡಿ, ಖಾಲಿ ಮೇಜಿನ ಮೇಲೇ ಎರಡು ಸಲ ಅಭ್ಯಾಸ ಮಾಡಿಸಿ. ಎಲ್ಲ ಕೈ ಟ್ರೇಯಿಂದ ದೂರ ಸರಿಯುವವರೆಗೆ ನೀವೂ ಬಾಯಿ ತೆರೆಯಬೇಡಿ.

ಸ್ಪಿರಿಟ್ ದೀಪ ಇರುವ ದಿನ ಬೇರೆಯೇ. ಆಷಾಢದ ಗಾಳಿ ಜೋಗಿಮಟ್ಟಿ ಬೆಟ್ಟದ ಗಾಳಿಯಂತ್ರಗಳಿಗೆ ಒಳ್ಳೆಯದು, ನಮ್ಮ ದೀಪಕ್ಕಲ್ಲ. ಕಿಟಕಿಯಿಂದ ದೂರ, ಗೋಡೆಯ ಬದಿಗೆ ಇಡಿ. ದೀಪದ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಸ್ಪಿರಿಟ್ ಬೇಡ, ಬಿಸಿ ಇರುವಾಗ ತುಂಬಿಸುವುದಂತೂ ಕೂಡದು. ಬಿಸಿಲಲ್ಲಿ ಸ್ಪಿರಿಟ್ಟಿನ ಉರಿ ಕಣ್ಣಿಗೆ ಬೀಳದು. ಆರಿದೆ ಎಂದುಕೊಂಡು ಮಗು ಕೈ ಚಾಚುತ್ತದೆ. ಊದಿ ಆರಿಸಬಾರದು, ಮುಚ್ಚಳ ಹಾಕಬೇಕು. ವೇಲ್, ಜಡೆ ಹಿಂದಕ್ಕೆ ಕಟ್ಟಿರಲಿ. ನಲ್ಲಿಯಲ್ಲಿ ನೀರು ಬರುತ್ತದೆಂಬ ಭರವಸೆ ಇಲ್ಲದ ಕಡೆ ಎರಡು ಬಕೆಟ್ ತುಂಬಿಸಿಯೇ ದೀಪ ಹಚ್ಚಿ. ಸುಟ್ಟರೆ 20 ನಿಮಿಷ ತಣ್ಣೀರು ಹರಿಸುವುದು, ಟೂತ್‌ಪೇಸ್ಟ್ ಅಲ್ಲ.

ಗಾಜು ಒಡೆದರೆ ದಂಡ ಹಾಕಬೇಡಿ. ದಂಡವಿದ್ದ ಕಡೆ ಚೂರುಗಳು ಡೆಸ್ಕಿನೊಳಗೆ ಸೇರುತ್ತವೆ, ಮರುದಿನ ಇನ್ನೊಬ್ಬರ ಬೆರಳು ಕುಯ್ಯುತ್ತದೆ. ಪೊರಕೆ, ಮೊರ ಬಾಗಿಲ ಬಳಿ ಇರಲಿ, ಗುಡಿಸುವುದು ನೀವು.

ಕೊನೆಯ ಐದು ನಿಮಿಷ ವಾಪಸಿಗೆ. 24 ಪ್ರನಾಳ ಎಣಿಕೆಗೆ ಸಿಕ್ಕ ಮೇಲೇ ಮಕ್ಕಳು ಏಳಲಿ. ಪ್ರನಾಳಗಳನ್ನು ಕಡೆಯ ಸಲ ಘಟಕದ ನೀರಲ್ಲೇ ತೊಳೆಸಿ, ಬಾಯಿ ಕೆಳಗೆ ಮಾಡಿ ಇಡಿಸಿ. ಬೋರ್ ನೀರಲ್ಲಿ ತೊಳೆದು ಹಾಗೇ ಒಣಗಿಸಿದರೆ ಒಳಗೆ ಬಿಳಿ ಕಲೆ ಕೂರುತ್ತದೆ.